ನನ್ನಿಂದ ತೆಗೆದ ಎರಡು ಚೂರು

ಮುಟ್ಟು ನಿಂತು ವರ್ಷಗಳೇ ಆಗಿದ್ದವು. ಒಂದು ಬೆಳಿಗ್ಗೆ ಮಾಳಮಡ್ಡಿಯ ನಮ್ಮ ಮನೆಯ ಅಂಗಳ ಗುಡಿಸುತ್ತಿದ್ದಾಗ ಸೀರೆ ಒದ್ದೆಯಾಯಿತು. ನೋಡಿದರೆ ರಕ್ತ. ನೋವಿರಲಿಲ್ಲ. ನೋವಿಲ್ಲದ್ದೇ ನನ್ನನ್ನು ಹೆದರಿಸಿತು.

ನಾದಿನಿ ಸುಮಿತ್ರಾ ನನ್ನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದಳು. ಬಯಾಪ್ಸಿ ರಿಪೋರ್ಟ್ ಬಂದ ದಿನ ಡಾಕ್ಟರು ನನ್ನ ಬದಲು ಅವಳ ಮುಖ ನೋಡಿ ಮಾತಾಡಿದರು.

ಗರ್ಭಕಂಠದ ಕ್ಯಾನ್ಸರ್.

ಗರ್ಭಕೋಶ ತೆಗೆಯುವ ಆಪರೇಷನ್‌ಗೆ ಮುಂಚೆ ವೀಣಾ ಎಂಬ ಸಂಶೋಧಕಿ ನನ್ನ ಮಂಚದ ಬಳಿ ಬಂದು ಕುಳಿತರು.

"ತೆಗೆದ ಗರ್ಭಕೋಶದಾಗಿಂದ ಎರಡು ಸಣ್ಣ ಚೂರು ತಗೋತೇವ್ರಿ. ಒಂದು ಬ್ಯಾನಿ ಇರೋ ಜಾಗಾದ್ದು, ಇನ್ನೊಂದು ಛಲೋ ಇರೋದು. ನೀವು ಹ್ಞೂಂ ಅಂದ್ರ ಮಾತ್ರ."

"ತಗೊಂಡು ಏನ್ ಮಾಡ್ತೀರಿ?"

"ಮೈಯಾಗ ವಿಷಾ ಹೊಕ್ಕರ ತೊಳದು ಹಾಕೋ ಎನ್‌ಜೈಮ್ ಇರ್ತಾವ್ರಿ. ಅವನ್ನ ಮಾಡಸೋ ಜೀನ್ ಯಾವ ಚೂರಿನ್ಯಾಗ ಎಷ್ಟು ಕೆಲಸಾ ಮಾಡಾಕತ್ತಾವ ಅಂತ ನೋಡ್ತೇವಿ."

ಒಪ್ಪಿದೆ.

ಹೊಲಿಗೆ ಬಿಚ್ಚಿದ ಮೇಲೆ ಒಂದು ವಿಚಿತ್ರ ಶುರುವಾಯಿತು. ಹೊರಗೆ ಸುಡುವ ಬಿಸಿಲು. ನನ್ನ ಕಿಬ್ಬೊಟ್ಟೆಯ ಒಂದೇ ಒಂದು ಕಡೆ ಮಾತ್ರ ಯಾರೋ ಒಳಗಿನಿಂದ ಮಂಜುಗಡ್ಡೆ ಒತ್ತಿ ಹಿಡಿದಂತೆ ಕೊರೆಯುತ್ತಿತ್ತು. ಸುಮಿತ್ರಾಳ ಕೈಯನ್ನು ಅಲ್ಲಿಟ್ಟುಕೊಂಡೆ.

"ಬೆಚ್ಚಗ ಐತಲ್ಲ ವೈನಿ," ಅಂದಳು.

ಆ ಚೂರುಗಳು ಎಲ್ಲಿವೆ ಎಂದು ವೀಣಾ ಅವರನ್ನು ಕೇಳಿದೆ. ಫ್ರೀಜರ್‌ನಲ್ಲಿವೆ ಅಂದರು. ತೋರಿಸಿ ಅಂದೆ. ಅವರು ತಡವರಿಸಿದರು. ಆಮೇಲೆ ಲ್ಯಾಬಿಗೆ ಕರೆದುಕೊಂಡು ಹೋದರು.

ಮುಚ್ಚಳ ತೆರೆದಾಗ ಬಿಳಿ ಹೊಗೆ ನೆಲಕ್ಕಿಳಿಯಿತು. ಎರಡು ಪುಟ್ಟ ಟ್ಯೂಬುಗಳು. ಒಂದೊಂದರಲ್ಲೂ ಬೇಳೆಯಷ್ಟು ಮಾಂಸ. ರೋಗ ಯಾವುದು, ನಾನು ಯಾವುದು ಎಂದು ನನಗೆ ಗುರುತಾಗಲಿಲ್ಲ.

"ಸತ್ತಾವೇನ್ರಿ?"

"ಜೀವಾ ಇಲ್ರಿ. ಆದ್ರ ತೆಗೆದ ಹೊತ್ತಿನ್ಯಾಗ ಏನ್ ಮಾಡಾಕತ್ತಿದ್ವು, ಅದು ಹಂಗ ನಿಂತೈತಿ."

"ಯಾವುದು ಹೆಚ್ಚು ತೊಳಿತೈತಿ?"

ಚೆನ್ನಾಗಿರುವ ಚೂರೇ ಎಂದು ಹೇಳುತ್ತಾರೆಂದುಕೊಂಡಿದ್ದೆ.

"ಒಂದು ಎನ್‌ಜೈಮ್ ನಿಮ್ಮ ಬ್ಯಾನಿ ಚೂರಿನ್ಯಾಗನ ಜಾಸ್ತಿ ಐತ್ರಿ. ಒಂದಿಷ್ಟು ತಗದು ನೋಡೇವಿ."

"ಹಂಗಾದ್ರ ಒಳಗ ಬ್ಯಾನಿ ಉಳದಿದ್ರ, ನನಗ ಕೊಡೋ ಔಷಧಾನೂ ತೊಳದು ಹಾಕ್ತೈತಿ?"

ಅವರು ಟ್ಯೂಬುಗಳನ್ನು ಒಳಗಿಟ್ಟರು. "ಹಾಕಬಹುದ್ರಿ. ಒಬ್ಬರದ ನೋಡಿ ಹಿಂಗ ಅಂತ ಹೇಳಾಕ ಬರಂಗಿಲ್ಲ."

ಅಲ್ಲಿಯವರೆಗೆ ರೋಗವನ್ನು ಹೊರಗಿನಿಂದ ಬಂದ ಕಳ್ಳ ಎಂದುಕೊಂಡಿದ್ದೆ. ಅದು ಹಾಗಿರಲಿಲ್ಲ, ನನ್ನದೇ ಅನ್ನ ಉಂಡು, ನನ್ನನ್ನು ಕಾಯಲೆಂದು ಇದ್ದ ತೊಳೆಯುವ ಕೆಲಸವನ್ನೇ ಕಲಿತು, ಅದರಿಂದ ತನ್ನನ್ನು ತಾನು ಕಾಯ್ದುಕೊಳ್ಳುತ್ತಿತ್ತು. ರೇಡಿಯೇಷನ್ ಜೊತೆ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧ ಹನಿಹನಿಯಾಗಿ ಇಳಿಯುವಾಗ ಕಣ್ಣು ಮುಚ್ಚಿ ಆಲಿಸುತ್ತಿದ್ದೆ. ನನ್ನೊಳಗೆ ಯಾರೋ ಸದ್ದಿಲ್ಲದೆ ಪಾತ್ರೆ ತೊಳೆಯುತ್ತಿದ್ದಾರೆ ಅನಿಸುತ್ತಿತ್ತು. ವಾಂತಿಯಾದಾಗ ಮಾತ್ರ ಸಮಾಧಾನ: ಔಷಧ ಇನ್ನೂ ಇದೆ, ಎಲ್ಲವೂ ತೊಳೆದುಹೋಗಿಲ್ಲ.

ಚಿಕಿತ್ಸೆ ಮುಗಿದು ಕೆಲವು ತಿಂಗಳಾದ ಮೇಲೆ ತಪಾಸಣೆಗೆ ಹೋದೆವು.

"ಸದ್ಯಕ್ಕ ಏನೂ ಕಾಣವಲ್ದು," ಅಂದರು ಡಾಕ್ಟರು.

ಇಲ್ಲ ಎನ್ನಲಿಲ್ಲ. ಕಾಣುತ್ತಿಲ್ಲ ಎಂದರು. ಅಷ್ಟಕ್ಕೇ ಕೈಮುಗಿದೆ.

ಕಾರಿಡಾರಿನಲ್ಲಿ ವೀಣಾ ಸಿಕ್ಕರು. ಚೂರುಗಳ ಬಗ್ಗೆ ಕೇಳಿದೆ.

"ಪರೀಕ್ಷಾಕ್ಕ ಎರಡೂ ಮುಗದ್ವುರಿ. ಈಗ ಏನೂ ಉಳದಿಲ್ಲ."

ಯಾರೋ ತೀರಿಕೊಂಡ ಸುದ್ದಿ ಕೇಳಿದ ಹಾಗೆ ಅಲ್ಲೇ ಬೆಂಚಿನ ಮೇಲೆ ಕುಳಿತೆ. ಸುಮಿತ್ರಾ ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತಿಗೆ ಕಿಬ್ಬೊಟ್ಟೆಯ ಆ ತಣ್ಣನೆಯ ಕೊರೆತ ನಿಂತಿತ್ತು; ಎಷ್ಟೋ ತಿಂಗಳ ನಂತರ ನನಗೆ ಹಸಿವಾಯಿತು.

"ಏನರ ತಿನ್ನೋಣ ನಡಿ," ಅಂದೆ.