ಬಸಣ್ಣನಿಗೆ ಗೊತ್ತಿದ್ದ ಪಿನ್

"ಪಿನ್ ನಂಬರ್ ಯಾರಿಗಾದರೂ ಹೇಳಿದ್ದೀರಾ?" ಎಂದು ಅಧಿಕಾರಿ ಕೇಳಿದಾಗ ದಾಸನಕೊಪ್ಪ ಕಡೆಯ ಆ ಹೆಂಗಸು ತಡವರಿಸದೆ, "ಹೇಳೇನ್ರಿ, ನಮ್ಮ ಟೆಂಪೋ ಬಸಣ್ಣಗ" ಎಂದರು. ಶಿರಸಿಯ ಬ್ಯಾಂಕೊಂದರಲ್ಲಿ ನನ್ನ ಸರದಿಗೆ ಕಾಯುತ್ತ ನಾನು ಪಕ್ಕದ ಕುರ್ಚಿಯಲ್ಲಿದ್ದೆ.

ಮಗಳ ಬಾಣಂತನಕ್ಕೆಂದು ಇಟ್ಟಿದ್ದ ಹಣವನ್ನು ಯಾರೋ ಅವರ ಕಾರ್ಡಿನ ನಕಲು ಮಾಡಿ ದೂರದ ಊರಿನಲ್ಲಿ ತೆಗೆದಿದ್ದರು. ಆಗ ಅಸಲಿ ಕಾರ್ಡ್ ಮನೆಯಲ್ಲೇ ಇತ್ತು. ಗ್ರಾಹಕರ ತಪ್ಪಿಲ್ಲದಿದ್ದು, ಬೇಗ ದೂರು ಕೊಟ್ಟರೆ ಇಂಥ ನಷ್ಟ ಬ್ಯಾಂಕಿನದು. ಅವರು ಮರುದಿನವೇ ಬಂದಿದ್ದರು. ಆದರೆ ಅವರ ಓಣಿಯವರೆಲ್ಲ, ಪೇಟೆಗೆ ಹೊರಟ ಬಸಣ್ಣನಿಗೆ ಕಾರ್ಡ್ ಕೊಟ್ಟು, ಪಿನ್ ಹೇಳಿ ಹಣ ತರಿಸಿಕೊಳ್ಳುವವರು.

ಅಧಿಕಾರಿ ಕೀಬೋರ್ಡಿನಿಂದ ಕೈ ತೆಗೆದರು. "ಅಮ್ಮಾ, ಹೇಳಿದ್ದೀರಿ ಅಂತ ಬರೆದರೆ ಹಣ ವಾಪಸ್ ಬರೋದಿಲ್ಲ. ಯೋಚನೆ ಮಾಡಿ ಹೇಳಿ."

"ಹೇಳಿದ್ದು ಖರೇ ಐತ್ರಿ. ಆದ್ರ ಅಂವಾ ತಗೊಂಡಿಲ್ಲ. ಅದನ್ನೂ ಬರಕೊಳ್ರಿ."

"ಅದನ್ನ ಬರೆಯೋಕೆ ಇಲ್ಲಿ ಜಾಗ ಇಲ್ಲಮ್ಮ" ಎಂದ ಅಧಿಕಾರಿ 'ಹೌದು' ಎಂದಷ್ಟೇ ನಮೂದಿಸಿದರು.

ಹೊರಗೆ ನನ್ನ ಸ್ಕೂಟರಿನ ಪಕ್ಕದಲ್ಲೇ ಟೆಂಪೋ ನಿಂತಿತ್ತು. "ಏನಂದ್ರು ಯಕ್ಕಾ? ನನ್ನ ಹೆಸರೇನರ ಬಂತನು?" ಎಂದು ಬಸಣ್ಣ ಕೇಳಿದ.

"ನಿನ್ನ ಹೆಸರ್ಯಾಕ ಬರತೈತೋ ತಮ್ಮಾ? ರೊಕ್ಕ ಬರತೈತಂತ, ಸ್ವಲ್ಪ ತಡ ಆಗತೈತಂತ" ಎನ್ನುತ್ತ ಅವರು ಟೆಂಪೋ ಹತ್ತಿದರು.

ನನ್ನ ಪಿನ್ ಯಾರಿಗೂ ಗೊತ್ತಿಲ್ಲ. ನಂಬಿ ಹೇಳಬಹುದಾದ ಒಬ್ಬರ ಹೆಸರೂ ಅಂದು ಮನೆ ಮುಟ್ಟುವವರೆಗೆ ನನಗೆ ಹೊಳೆಯಲಿಲ್ಲ.