ಟಿಕೆಟ್ಟಿಲ್ಲದ ಬಾಣ

ಮೊಮ್ಮಗಳು ಕಂಪ್ಯೂಟರಿನ ಪಕ್ಕ ನಿಂತು ಅಷ್ಟು ಜನರೆದುರು ಮಾತಾಡಿದ ದಿನ ನೆನಪಾದರೆ ಈಗಲೂ ಎದೆ ಉಬ್ಬುತ್ತದೆ. ಹಿಂದೆಯೇ ತಲೆ ತಗ್ಗುತ್ತದೆ. ಎರಡನ್ನೂ ಬೇರೆ ಮಾಡಲು ನನಗೆ ಬರುವುದಿಲ್ಲ, ಕೂಡಿಸಿಯೇ ಹೇಳುತ್ತೇನೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ದುಡಿದದ್ದು ಖಾಸಗಿ ಬಸ್ಸಿನ ಕಂಡಕ್ಟರನಾಗಿ. ಕೂಡ್ಲಿಗಿ ಬಿಟ್ಟರೆ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಸುತ್ತಿ ಹರಪನಹಳ್ಳಿ. ಬಸ್ಸಿನ ಸಾಹುಕಾರರಿಗೆ ನನ್ನ ಮೇಲೆ ಬಲು ನಂಬಿಕೆ. ಹೊಸ ಹುಡುಗರು ಕೆಲಸಕ್ಕೆ ಬಂದರೆ ನನ್ನನ್ನು ತೋರಿಸಿ, ಇವನ ಬಸ್ಸಿನಾಗ ಟಿಕೆಟ್ಟಿಲ್ಲದ ನೊಣಾನೂ ಕೂಡಂಗಿಲ್ಲ ಅನ್ನುತ್ತಿದ್ದರು. ನಾನು ಕೆಲಸ ಬಿಟ್ಟ ದಿನ ಶಾಲು ಹೊದಿಸಿ ಅದೇ ಮಾತು ಹೇಳಿದರು. ನಾನು ಕೈಮುಗಿದು ಶಾಲು ಹೊದ್ದೇ ಮನೆಗೆ ಬಂದೆ.

ಮೊಮ್ಮಗಳು ಆಗ ಡಿಗ್ರಿ ಕೊನೆಯ ವರ್ಷ. ಕಾಲೇಜಿಗೆ ಕಂಪ್ಯೂಟರ್ ಬಂದು ಬಹಳ ವರ್ಷ ಆಗಿರಲಿಲ್ಲ. ಸಿ ಎಂಬ ಭಾಷೆಯಲ್ಲಿ ಅವಳೊಂದು ಪ್ರೋಗ್ರಾಮು ಬರೆದಿದ್ದಳು. ಅಕ್ಷರಗಳು ಯಾವ ಕ್ರಮದಲ್ಲಿ ಬರಬೇಕೆಂದು ಚುಟುಕಾಗಿ ಬರೆದುಕೊಟ್ಟರೆ ಅದಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಅನ್ನುತ್ತಾರಂತೆ. ಪ್ರೋಗ್ರಾಮು ಅದನ್ನು ವೃತ್ತ, ಬಾಣಗಳ ನಕಾಶೆಯಾಗಿ ಮಾಡುತ್ತದೆ. ಆ ನಕಾಶೆಯ ಹೆಸರು ಫೈನೈಟ್ ಆಟೊಮೇಟಾ. ತಂದೆತಾಯಿಗಳೂ ಬರುವ ಪ್ರದರ್ಶನ, ಎಲ್ಲರಿಗೂ ತಿಳಿಯುವ ಹಾಗೆ ಹೇಳಿದರೇ ಮಾರ್ಕು ಎಂದು ಮೇಷ್ಟ್ರು ಹೇಳಿದ್ದರಂತೆ. ಅವಳು ಕಟ್ಟೆಯ ಮೇಲೆ ಕೂತು ಪೇಚಾಡುತ್ತಿದ್ದಳು. ನಾನು ಬಗ್ಗಿ ನೋಡಿ, ಇದು ನಮ್ಮ ಬಸ್ಸಿನ ರೂಟ್ ಇದ್ದಂಗ ಐತೆಲ್ಲೇ ಅಂದೆ. ಅಷ್ಟು ಸಾಕಾಯಿತು ಅವಳಿಗೆ. ವೃತ್ತ ಅಂದರೆ ಊರು, ಬಾಣದ ಮೇಲಿನ ಅಕ್ಷರ ಅಂದರೆ ಟಿಕೆಟ್ಟು. ಒಂದೊಂದೇ ಅಕ್ಷರ ಕೊಡುತ್ತ ಹೋಗಿ, ಅಕ್ಷರ ಮುಗಿದಾಗ ಕೊನೆಯ ಊರಲ್ಲಿದ್ದರೆ ಆ ಅಕ್ಷರಗಳ ಸಾಲು ಸರಿ, ಇಲ್ಲದಿದ್ದರೆ ತಪ್ಪು.

ಇನ್ನೊಂದು ಥರದ ಬಾಣ ಐತಿ ತಾತ, ಅದನ್ನ ಹೆಂಗ ಹೇಳ್ಲಿ ಎಂದು ಕೇಳುತ್ತಿದ್ದಳು. ನಾನೆಲ್ಲಿ ಕೇಳಿಸಿಕೊಂಡೆ? ಖುಷಿಗೆ ಆಗಲೇ ಚಪ್ಪಲಿ ಮೆಟ್ಟಿದ್ದೆ. ಸಾಹುಕಾರರ ಮನೆಗೆ ಹೋಗಿ, ನಿಮ್ಮ ರೂಟು ಕಂಪ್ಯೂಟರ್ ಹತ್ತೈತಿ, ನೀವು ಬರಬೇಕು ಎಂದು ಕಾಡಿ ಒಪ್ಪಿಸಿ ಬಂದೆ.

ಪ್ರದರ್ಶನದ ದಿನ ಸಾಹುಕಾರರು ಮುಂದಿನ ಸಾಲಿನಲ್ಲಿ, ಅವರ ಪಕ್ಕ ನಾನು. ಮೊಮ್ಮಗಳು ಬೋರ್ಡಿನ ಮೇಲೆ ನಮ್ಮ ಐದು ಊರು ಬರೆದು ಹೇಳುತ್ತಿದ್ದರೆ ಏನೂ ಓದದ ಹೆಂಗಸರೂ ತಲೆಯಾಡಿಸುತ್ತಿದ್ದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಆಮೇಲೆ ಅಕ್ಷರವೇ ಇಲ್ಲದ ಬಾಣವೊಂದನ್ನು ಎಳೆದಳು.

"ಇದಕ್ಕ ಏನೂ ಕೊಡಬೇಕಿಲ್ರಿ, ಸುಮ್ನ ಮುಂದಿನ ಊರಿಗೆ ಹೋಗಬಹುದು. ನಮ್ಮ ತಾತ ಕಂಡಕ್ಟರ್ ಇದ್ನಲ್ರಿ, ನಾನು, ನಮ್ಮತ್ತಿ, ಮಾವ, ಅವರ ಮಕ್ಕಳು ಕೊಟ್ಟೂರಿಂದ ಹಗರಿಬೊಮ್ಮನಹಳ್ಳಿಗೆ ಹೋಗ್ತಿದ್ವಿ. ಒಬ್ರಾದ್ರೂ ಟಿಕೆಟ್ ತಗೊಂಡಿದ್ದು ನೆನಪಿಲ್ಲ. ಹಂಗ ಇದು."

ಎಲ್ಲರೂ ನಕ್ಕರು. ಅಂಥಾ ತಾತ ನಮಗೂ ಬೇಕಿತ್ತಲೇ ಎಂದು ಹಿಂದಿನಿಂದ ಯಾರೋ ಅಂದರು. ಸಾಹುಕಾರರು ನಗಲಿಲ್ಲ. ನನ್ನ ಕಡೆ ತಿರುಗಿ ಒಂದು ಸಲ ನೋಡಿದರು, ಅಷ್ಟೇ. ಅವರು ಬೈದಿದ್ದರೆ ಹಗುರಾಗುತ್ತಿತ್ತು. ಒಮ್ಮೆ ದುಡ್ಡು ಸಾಲದ ಮುದುಕಿಯೊಬ್ಬಳನ್ನು ಬುಟ್ಟಿ ಸಮೇತ ಬಿಸಿಲಲ್ಲಿ ಇಳಿಸಿದ್ದೆ ನಾನು, ಹಿಂದಿನ ಸೀಟಲ್ಲಿ ನಮ್ಮ ಬೀಗರು ಪುಕ್ಕಟೆ ಕೂತಿದ್ದಾಗ.

ಮೊಮ್ಮಗಳು ನನ್ನ ಮುಖ ನೋಡಿದಳು, ಪಕ್ಕದ ಸಾಹುಕಾರರ ಮುಖ ನೋಡಿದಳು. ಬಾಯಿ ಕಟ್ಟಿತು. ಮುಂದ ಹೇಳಮ್ಮ ಅಂದರು ಮಾರ್ಕು ಹಾಕುವವರು. ಅವಳು ಬೋರ್ಡಿನ ಕಡೆ ಮುಖ ತಿರುಗಿಸಿಬಿಟ್ಟಳು. ವರ್ಷದ ಓದು ಅಲ್ಲೇ ನಿಂತುಬಿಡುತ್ತದೆ ಅನ್ನಿಸಿ ನಾನು ಎದ್ದೆ.

"ಸಾಹುಕಾರ್ರ, ಆಕಿ ಹೇಳಿದ್ದು ಖರೇ ಐತ್ರಿ. ನಮ್ಮ ಮಂದೀನ ನಾನು ಹಂಗ ಕೂಡಿಸ್ಕೊಂಡು ಹೋಗೀನಿ. ನನಗ ಏನನ್ನೋದಿದ್ರೂ ಆಮ್ಯಾಲೆ ಅನ್ರಿ. ಈಗ ಆಕಿ ಮಾತು ಮುಗೀಲಿ."

ಯಾರೂ ನಗಲಿಲ್ಲ. ಮೊಮ್ಮಗಳು ಮುಂದುವರಿಸಿದಳು. ಇಂಥ ಬಾಣಗಳಿದ್ದರೆ ಕಂಪ್ಯೂಟರಿಗೆ ತಾನು ಯಾವ ಊರಲ್ಲಿದ್ದೇನೆಂದು ಖಚಿತವಾಗುವುದಿಲ್ಲವಂತೆ. ಅದಕ್ಕೆ ಪುಕ್ಕಟೆ ಮುಟ್ಟಬಹುದಾದ ಊರುಗಳನ್ನೆಲ್ಲ ಸೇರಿಸಿ ಒಂದೇ ಊರು ಎಂದು ಲೆಕ್ಕ ಹಿಡಿಯುತ್ತದಂತೆ ಅವಳ ಪ್ರೋಗ್ರಾಮು. ಆಮೇಲೆ ಒಂದು ಅಕ್ಷರಕ್ಕೆ ಒಂದೇ ದಾರಿ. ಕೀಲಿ ಒತ್ತಿದಳು. ಸರಿಯಾದ ಸಾಲಿಗೆ ಸರಿ ಎಂದು ಬಂತಂತೆ, ತಪ್ಪಿದ್ದಕ್ಕೆ ತಪ್ಪು. ನಾನು ನೋಡಲಿಲ್ಲ, ನೆಲ ನೋಡುತ್ತಿದ್ದೆ. ಚಪ್ಪಾಳೆ ಮಾತ್ರ ಕೇಳಿಸಿತು.

ಸಾಹುಕಾರರು ಚಲೋ ಹೇಳಿದಿ ತಂಗಿ ಎಂದು ಅವಳ ತಲೆ ಸವರಿ, ನನ್ನ ಕಡೆ ನೋಡದೆ ಹೊರಟುಹೋದರು.

ದಾರಿಯಲ್ಲಿ ಮೊಮ್ಮಗಳು ಕಣ್ಣೊರೆಸಿಕೊಂಡು, ನಿನ್ನ ಮರ್ಯಾದಿ ನಾನ ಕಳದೆ ತಾತ ಅಂದಳು.

"ನೀ ಕಳಿಯಾಕ ಅದು ಇತ್ತೆಲ್ಲಿ ಬಿಡವ್ವ. ಮಾರ್ಕು ಎಷ್ಟು ಬೀಳ್ತಾವ ಹೇಳು."

ಸಾಹುಕಾರರ ಮನೆ ಮುಂದೆ ನಾನು ಇವತ್ತಿಗೂ ಹಾಯುವುದಿಲ್ಲ, ಹಿಂದಿನ ಓಣಿಯಿಂದ ಸಂತೆಗೆ ಹೋಗುತ್ತೇನೆ. ಆ ಓಣಿಯಲ್ಲಿ ಯಾರಾದರೂ ಮೊಮ್ಮಗಳ ಸುದ್ದಿ ಕೇಳಿದರೆ ಮಾತ್ರ ಚೀಲ ಕೆಳಗಿಟ್ಟು ನಿಂತೇಬಿಡುತ್ತೇನೆ. ವೃತ್ತ, ಬಾಣ, ಊರು, ಎಲ್ಲ ಜೋರಾಗಿ ಹೇಳುತ್ತೇನೆ. ಅಕ್ಷರವಿಲ್ಲದ ಬಾಣಕ್ಕೆ ಬಂದಾಗ ದನಿ ತಾನೇ ಇಳಿಯುತ್ತದೆ. ಬಿಟ್ಟು ಹೇಳೋಣವೆಂದರೆ ಅವಳ ಪ್ರೋಗ್ರಾಮು ಅರ್ಧವಾಗುತ್ತದೆ.