ಗರಾಜಿನಲ್ಲಿ ಖಂಡೆಪೂಜೆ

ನನ್ನ ಮಾವನವರಿಗೆ ಕಿವಿ ಕೇಳಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಳೆದ ಖಂಡೇನವಮಿಯ, ಅಂದರೆ ಆಯುಧಪೂಜೆಯ, ಬೆಳಿಗ್ಗೆ ಅವರ ಜೀವ ಉಳಿಯುವುದೋ ಹೋಗುವುದೋ ಎಂಬುದು ಇದೊಂದರ ಮೇಲೆ ನಿಂತಿತ್ತು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಜೀವಮಾನವಿಡೀ ಸುತ್ತಿಗೆಯ ಸದ್ದಿನ ನಡುವೆ ದುಡಿದವರು. ಕಿವಿಗೆ ಮಷಿನ್ನು ಇದೆ. ಆದರೆ ಪೂಜೆಯ ಗಂಟೆ ಅದರಲ್ಲಿ ತಲೆ ಸೀಳುವಂತೆ ಕಿರುಚುತ್ತದೆ ಎಂದು ದೇವರ ಮುಂದೆ ಕೂರುವಾಗ ಅದನ್ನು ತೆಗೆದು ಕಪಾಟಿನಲ್ಲಿ ಇಡುತ್ತಾರೆ.

ಎಲ್ಲ ಶುರುವಾದದ್ದು ಗ್ರೌಂಡ್‌ಹಾಗ್‌ಗಳಿಂದ. ಮೊಲಕ್ಕಿಂತ ದಪ್ಪಗಿನ, ಹೆಗ್ಗಣದ ಮುಖದ ಈ ಪ್ರಾಣಿಗೆ ಹೊಲವೆಂದರೆ ಊಟದ ಮನೆ, ಮಲಗುವ ಮನೆ ಎರಡೂ. ನನ್ನ ಗಂಡ ಕೆನಡಾದ ಒಶಾವಾದಲ್ಲಿ ಕಾರಿನ ಬಿಡಿಭಾಗದ ಫ್ಯಾಕ್ಟರಿಯಲ್ಲಿ ಶಿಫ್ಟು ಮಾಡುತ್ತಾರೆ. ಊರಿನ ಉತ್ತರಕ್ಕೆ ಪರಿಚಯದ ರೈತನೊಬ್ಬ ತನ್ನ ಸೋಯಾಬೀನ್ ಹೊಲದ ಮೂಲೆಯಲ್ಲಿ ನಮಗೆ ಮೆಂತ್ಯ, ಬದನೆ ಬೆಳೆಯಲು ಜಾಗ ಕೊಟ್ಟಿದ್ದ. ಬಿಲಗಳಿಂದ ಅವನ ಟ್ರ್ಯಾಕ್ಟರ್ ಚಕ್ರ ಕುಸಿಯುತ್ತಿತ್ತು, ನಮ್ಮ ಮೆಂತ್ಯದ ಗತಿಯಂತೂ ಕೇಳುವುದೇ ಬೇಡ. ಹೊಡೆಯುವುದಾದರೆ ಹೊಡಿ ಎಂದ. ನಮ್ಮವರು ಪರೀಕ್ಷೆ ಕಟ್ಟಿ, ಲೈಸೆನ್ಸ್ ತೆಗೆದು, ಏರ್ ರೈಫಲ್ ಒಂದನ್ನು ಮನೆಗೆ ತಂದರು. ಜಿರಳೆ ಕಂಡರೆ ನನ್ನನ್ನು ಕೂಗುವ ಮನುಷ್ಯ ಬೇಟೆಗೆ ಹೊರಟಿದ್ದು ನೋಡಿ ನಾನು ನಕ್ಕಿದ್ದೇ ನಕ್ಕಿದ್ದು.

ವಾರಗಟ್ಟಲೆ ಹೋದರೂ ಒಂದೂ ಸಿಗಲಿಲ್ಲ. ಬಿಲದ ಬಾಯಲ್ಲಿ ಎದ್ದು ಕೂರುವ ಪ್ರಾಣಿ, ಇವರು ನಳಿಕೆ ಎತ್ತಿದ ಕೂಡಲೇ ಮಾಯ. ಕರಿ ನಳಿಕೆ ಬಿಸಿಲಿಗೆ ಹೊಳೆಯುತ್ತಿತ್ತು. ಹುಲ್ಲಿನ ನಡುವೆ ಅಷ್ಟು ನೆಟ್ಟಗಿನ ಗೆರೆ ಬೇರೆ ಯಾವುದೂ ಇರುವುದಿಲ್ಲ. ಇವರು ಎಲೆಗಳ ಚಿತ್ರವಿದ್ದ ಬಟ್ಟೆಯ ಟೇಪು ತಂದು ಸುತ್ತಿದರು. ಅಚ್ಚ ಹಸಿರು. ಹೊಲವಾದರೋ ಅಷ್ಟರಲ್ಲಿ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು.

"ಒಣಗಿದ ಹೊಲದಾಗ ಗಿಳಿ ಕುಂತಂಗ ಕಾಣತೈತಿ ನೋಡ್ರಿ," ಎಂದೆ ನಾನು. ಮಷಿನ್ನು ಹಾಕಿಕೊಂಡಿದ್ದ ಮಾವನವರಿಗೆ ಅದು ಕೇಳಿಸಿತು. ಹೊಟ್ಟೆ ಹಿಡಿದು ನಕ್ಕರು. ಮರುದಿನದಿಂದ ಆ ರೈಫಲ್ಲು ಅಪ್ಪ ಮಗ ಇಬ್ಬರದೂ ಆಯಿತು.

ಅಕ್ಕಿಯ ಗೋಣಿಚೀಲ ಬಿಚ್ಚಿ ಪಟ್ಟಿ ಪಟ್ಟಿಯಾಗಿ ಕತ್ತರಿಸಿದರು. ನನ್ನ ಸಾರಿನ ದೊಡ್ಡ ಪಾತ್ರೆಯಲ್ಲಿ ಚಹಾಪುಡಿ ಸುರಿದು ಕುದಿಸಿ, ಪಟ್ಟಿಗಳನ್ನು ಅದರಲ್ಲಿ ಅದ್ದಿದರು. ಕೆಲವನ್ನು ಬೇಗ ತೆಗೆದರು, ಕೆಲವನ್ನು ರಾತ್ರಿಯಿಡೀ ನೆನೆಯಲು ಬಿಟ್ಟರು. ಬಣ್ಣ ಒಂದೇ ಸಮ ಆದರೆ ಉಪಯೋಗವಿಲ್ಲವಂತೆ. ಪಾತ್ರೆಯ ಕಲೆ ಹೋಗಲೇ ಇಲ್ಲ, ನಾನು ಬೈಯುವುದನ್ನೂ ಬಿಡಲಿಲ್ಲ. ಆಮೇಲೆ ಪಟ್ಟಿಗಳ ಅಂಚು ಹಿಂಜಿ ನಾರು ತೆಗೆದು, ಉದ್ದ ಗಿಡ್ಡ ಬೆರೆಸಿ ನಳಿಕೆಗೆ ಗಂಟು ಹಾಕಿದರು. ಮೇಲಿನ ದುರ್ಬೀನಿನ ಗಾಜು, ಗುಂಡು ಹಾರಿಸಲು ಎಳೆಯುವ ಕುದುರೆಯ ಸುತ್ತಲಿನ ಜಾಗ ಮಾತ್ರ ಬೋಳು ಬಿಟ್ಟರು. ಅಲ್ಲಿ ನಾರು ಸಿಕ್ಕಿಕೊಂಡರೆ ಅಪಾಯ.

ಒಂದು ಮಧ್ಯಾಹ್ನ ಮಾವನವರು ನನ್ನನ್ನು ಅಡುಗೆಮನೆಯ ಕಿಟಕಿಯ ಹತ್ತಿರ ನಿಲ್ಲಿಸಿದರು. "ಹಿತ್ತಲದಾಗ ಐತಿ. ಹುಡುಕು ನೋಡೋಣು."

ಮೇಪಲ್ ಮರದ ಕೆಳಗೆ ಉದುರಿದ ಎಲೆ ಬಿಟ್ಟರೆ ನನಗೆ ಏನೂ ಕಾಣಲಿಲ್ಲ. ಅವರು ಹೋಗಿ ಎಲೆಯ ರಾಶಿಯಿಂದ ಅದನ್ನು ಎತ್ತಿದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವರ ಮುಖದಲ್ಲಿ ಆ ದಿನ ಇದ್ದ ಹಿಗ್ಗು ಕೆನಡಾಕ್ಕೆ ಬಂದ ಮೇಲೆ ನಾನು ಕಂಡಿರಲಿಲ್ಲ.

ಹಾಗಾಗಿ ಖಂಡೇನವಮಿ ಬಂದಾಗ ಅದನ್ನು ಬೇಸ್‌ಮೆಂಟಿನ ಬೀಗದಿಂದ ಹೊರಗೆ ತರಬೇಕೆಂದು ಅವರು ಹಟ ಹಿಡಿದದ್ದು ಸಹಜವೇ. ನಾನು ಬೇಡವೆಂದೆ. "ಇಷ್ಟ ವರ್ಷ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚೀರಿ. ಈ ವರ್ಷ ಖರೇ ಆಯುಧ ಐತಿ, ಅದನ್ನ ಕತ್ತಲದಾಗ ಇಡತೀರೇನು?" ಎಂದರು. ಗಂಡ ಒಳಗೆ ಗುಂಡಿಲ್ಲ ಎಂದು ಎರಡು ಸಲ ನೋಡಿ, ತಂದಿಟ್ಟರು.

ಕಾರಿನ ಪೂಜೆಗೆಂದು ಗರಾಜಿನ ದೊಡ್ಡ ಬಾಗಿಲು ಪೂರಾ ಎತ್ತಿತ್ತು. ಹಿಂದಿನ ಬಿಳಿ ಗೋಡೆಗೆ ಒರಗಿಸಿ ಸಾಲಾಗಿ ಹುಲ್ಲು ಕತ್ತರಿಸುವ ಯಂತ್ರ, ಹಿಮ ತೆಗೆಯುವ ಸಲಿಕೆ, ಡ್ರಿಲ್ಲು, ಕೊನೆಯಲ್ಲಿ ಮಣೆಯ ಮೇಲೆ ರೈಫಲ್ಲು. ಎಲ್ಲಕ್ಕೂ ಚೆಂಡುಹೂವು, ವಿಭೂತಿ, ಕುಂಕುಮ. ಎಲೆಯ ರಾಶಿಯಲ್ಲಿ ಕಾಣದಂತೆ ಮಾಡಿದ್ದ ಅದೇ ರೈಫಲ್ಲು ಬಿಳಿ ಗೋಡೆಯ ಮುಂದೆ ಟಿವಿಯ ಯುದ್ಧದ ಸುದ್ದಿಯಿಂದ ಎದ್ದು ಬಂದಂತೆ ಕಾಣುತ್ತಿತ್ತು. ನನಗೆ ಆಗಲೇ ಇರುಸುಮುರುಸಾಯಿತು. ಬೂದುಗುಂಬಳಕ್ಕೆ ಕುಂಕುಮ ತುಂಬಿ, ಕಾರಿಗೆ ನಿವಾಳಿಸಿ, ಡ್ರೈವ್‌ವೇಯಲ್ಲಿ ಒಡೆದರು. ಕೆಂಪು ನೀರು ರಸ್ತೆಯವರೆಗೂ ಹರಿಯಿತು. ನಿಂಬೆಹಣ್ಣು ತುಳಿಸಿ, ಮಕ್ಕಳಿಬ್ಬರನ್ನೂ ಹತ್ತಿಸಿಕೊಂಡು ಗಂಡ ಕಾರನ್ನು ಒಂದು ಸುತ್ತು ಹಾಕಿಸಲು ಹೊರಟರು. ಮಾವನವರು ಉಳಿದ ಪೂಜೆಗೆ ಕುಳಿತರು. ನಾನು ಕರಿಗಡಬು ಕರಿಯಲು ಒಳಗೆ ಹೋದೆ.

ಯಾರು ಫೋನ್ ಮಾಡಿದರೋ ಗೊತ್ತಿಲ್ಲ, ಅವರ ಮೇಲೆ ನನಗೆ ಸಿಟ್ಟೂ ಇಲ್ಲ. ನೆಲದ ಮೇಲೆ ರಕ್ತದಂಥ ಕೆಂಪು, ಒಳಗೆ ಬಂದೂಕು. ನಾನಾಗಿದ್ದರೂ ಫೋನ್ ಮಾಡುತ್ತಿದ್ದೆ.

ನೈವೇದ್ಯದ ತಟ್ಟೆ ಹಿಡಿದು ಮನೆಯೊಳಗಿನಿಂದ ಗರಾಜಿನ ಬಾಗಿಲು ತೆಗೆದಾಗ ಮಾವನವರ ಮುಖ ನನ್ನ ಕಡೆಗಿತ್ತು, ಕಣ್ಣು ಮಾತ್ರ ಪೂಜೆಯ ಸಾಮಾನಿನ ಮೇಲೆ. ಅವರ ಬೆನ್ನ ಹಿಂದೆ, ಡ್ರೈವ್‌ವೇಯ ತುದಿಯಲ್ಲಿ ಇಬ್ಬರು ಪೊಲೀಸರು. ಇಬ್ಬರ ಕೈಯಲ್ಲೂ ಪಿಸ್ತೂಲು, ಎರಡೂ ಅವರ ಬೆನ್ನಿಗೆ. ಕೈ ಮೇಲೆತ್ತಿ, ಗನ್ನಿನಿಂದ ದೂರ ಸರಿಯಿರಿ ಎಂದು ಒಬ್ಬ ಗಂಟಲು ಹರಿಯುವಂತೆ ಕೂಗುತ್ತಿದ್ದ. ಮಾವನವರು ಎದ್ದು ನಿಂತು, ಶಾಂತವಾಗಿ ಒಂದೊಂದೇ ಸಾಮಾನನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಸಲಿಕೆ ಮುಟ್ಟಿದರು. ಡ್ರಿಲ್ಲು ಮುಟ್ಟಿದರು. ಮುಂದಿನದು ರೈಫಲ್ಲು.

"ಅವರಿಗೆ ಕೇಳ್ಸೂದಿಲ್ರೀ!" ಎಂದು ಕಿರುಚಿದೆ, ಆ ಪೊಲೀಸರಿಗೆ ಕನ್ನಡದಲ್ಲಿ! ಇಷ್ಟು ವರ್ಷ ಆಡಿದ ಇಂಗ್ಲಿಷು ಎಲ್ಲಿ ಹೋಯಿತೋ. ಆಮೇಲೆ "ಹಿ ಈಸ್ ಡೆಫ್, ಹಿ ಈಸ್ ಪ್ರೇಯಿಂಗ್" ಎಂದೆ. ಅವನು ನನಗೂ ಇದ್ದಲ್ಲೇ ನಿಲ್ಲು ಎಂದ. ನಿಲ್ಲಬೇಕಿತ್ತು. ಮಾವನವರ ಕೈ ಮಣೆಯ ಕಡೆ ಚಾಚುತ್ತಿತ್ತು.

ತಟ್ಟೆ ಬಿತ್ತು. ಎರಡೂ ಕೈ ಮೇಲೆತ್ತಿಕೊಂಡು ಹೋಗಿ ಅವರಿಗೂ ರೈಫಲ್ಲಿಗೂ ನಡುವೆ ನಿಂತೆ. ಮದುವೆಯಾಗಿ ಬಂದಾಗಿನಿಂದ ನಾನು ಅವರ ಕಾಲು ಮುಟ್ಟಿದ್ದೇನೆ, ಕೈ ಮುಟ್ಟಿದವಳಲ್ಲ. ನಾನು ನಮಸ್ಕಾರಕ್ಕೆ ಬಂದೆನೆಂದು ತಿಳಿದು ಅವರು ನಕ್ಕರು.

"ಬಾ ಯವ್ವಾ, ನೀನೂ ಮುಟ್ಟಿ ನಮಸ್ಕಾರ ಮಾಡು," ಎಂದು ಮತ್ತೆ ಕೈ ಮುಂದೆ ತಂದರು.

ಆ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹಿಡಿದು ಎಳೆದು ತಿರುಗಿಸಿದೆ, ಹುಡುಗಿಯರು ಫುಗಡಿ ಆಡುವಾಗ ತಿರುಗುವ ಹಾಗೆ. ಈಗ ರಸ್ತೆಯ ಕಡೆಗಿದ್ದದ್ದು ನನ್ನ ಬೆನ್ನು. ಬೆನ್ನ ಮೇಲೆ ಚರ್ಮವೇ ಇಲ್ಲವೇನೋ ಅನ್ನಿಸುತ್ತಿತ್ತು. ಕೈಗಳು ಗಡಗಡ ನಡುಗುತ್ತಿದ್ದವು. ಮಾವನವರು ಮಾತ್ರ ನಗುತ್ತಲೇ ಇದ್ದರು, ತುಟಿಯಲ್ಲಿ ಮಂತ್ರ ನಡೆದೇ ಇತ್ತು. ಪಾಪ, ಈ ಮುದುಕರಿಗೆ ಏನೂ ಗೊತ್ತಿಲ್ಲ ಎಂದುಕೊಂಡೆ. ಹೆಜ್ಜೆಯ ಸದ್ದು ಹತ್ತಿರ ಬಂತು. ಪಕ್ಕದಿಂದ ಒಂದು ಕೈ ಬಂದು ರೈಫಲ್ಲನ್ನು ಹೂವಿನ ಸಮೇತ ಎತ್ತಿಕೊಂಡಿತು.

ಮುಂದಿನದೆಲ್ಲ ಮಾತು. ಅಷ್ಟರಲ್ಲಿ ಗಂಡ ಬಂದರು. ಮಕ್ಕಳ ಕಣ್ಣೆದುರೇ ಕೈ ಮೇಲೆತ್ತಿ ಕಾರಿನಿಂದ ಇಳಿದರು. ಪೊಲೀಸರು ಲೈಸೆನ್ಸ್ ನೋಡಿದರು, ಒಳಗೆ ಗುಂಡಿಲ್ಲದ್ದು ನೋಡಿದರು, ಕುಂಬಳದ ಹೋಳು ಎತ್ತಿ ಮೂಸಿ ನೋಡಿದರು. ಬಾಗಿಲು ತೆರೆದು ಹೀಗೆ ಇಡಬಾರದೆಂದು ಗಟ್ಟಿಯಾಗಿ ಹೇಳಿ, ರೈಫಲ್ಲನ್ನು ತಮ್ಮ ಕಣ್ಣೆದುರೇ ಬೀಗದೊಳಗೆ ಇಡಿಸಿದರು. ಕೂಗುತ್ತಿದ್ದವನು ಚಿಕ್ಕ ವಯಸ್ಸಿನವನು. ಹೋಗುವಾಗ ನನಗೆ ಸಾರಿ ಎಂದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

ಮಷಿನ್ನು ಹಾಕಿಸಿ, ಲೈಸೆನ್ಸ್ ನೋಡಲು ಬಂದಿದ್ದರು ಅಷ್ಟೇ ಎಂದು ಮಾವನವರಿಗೆ ಹೇಳಿದೆವು. ಅವರು ತಲೆಯಾಡಿಸಿದರು. ಗಂಡ ಮಕ್ಕಳನ್ನು ಸಮಾಧಾನ ಮಾಡಲು ಮಹಡಿಗೆ ಹೋದರು. ನಾನು ಇನ್ನೊಂದು ಸಲ ಕಡಬು ಕರಿದು, ತುಪ್ಪ ಹಾಕಿ ಮಾವನವರ ಮುಂದೆ ಇಟ್ಟೆ.

ಅವರು ತಟ್ಟೆ ಮುಟ್ಟಲಿಲ್ಲ. "ಯವ್ವಾ, ನನ್ನ ಯಾಕ ತಿರುಗಿಸಿದಿ?" ಎಂದರು.

ನಾನು ತುಪ್ಪದ ಡಬ್ಬಿಗೆ ಮುಚ್ಚಳ ಹಾಕಿದೆ.

"ನಿನ್ನ ಹೆಗಲ ಮ್ಯಾಲಿಂದ ನನಗ ಎಲ್ಲಾ ಕಾಣ್ತಿತ್ತು. ನಾ ಗಾಬರಿ ಬಿದ್ದು ಅಲುಗಿದ್ರ ನಿನಗ ಹೊಡೀತಾರಂತ ನಕ್ಕೊಂತ ನಿಂತೆ. ನಂದೇನು, ವಯಸ್ಸಾತು. ನಿನ್ನ ಮಕ್ಕಳು ಇನ್ನೂ ಸಣ್ಣವು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ವಯಸ್ಸಾತಂತ ಬಿಟ್ಟಕೊಡಾಕ ಬರತೈತೇನು ಮಾವಾರ? ಸುಮ್ನ ಉಣ್ರಿ, ಆರತೈತಿ," ಎಂದೆ. ಹೇಳುತ್ತಿದ್ದಂತೆ ಅಳು ಬಂದುಬಿಟ್ಟಿತು.

"ಮೊದಲ ನೀ ಉಣ್ಣು," ಎಂದು ಅವರು ತಟ್ಟೆಯನ್ನು ಎರಡೂ ಕೈಯಿಂದ ನನ್ನ ಕಡೆ ಸರಿಸಿದರು. ತಟ್ಟೆ ಗಡಗಡ ಅಲುಗಿ, ತುಪ್ಪ ಅಂಚು ದಾಟಿ ಟೇಬಲ್ಲಿನ ಮೇಲೆಲ್ಲ ಚೆಲ್ಲಿತು. ಗರಾಜಿನಲ್ಲಿ ಆ ನಡುಕ ನನ್ನ ಕೈಯದೆಂದೇ ನಾನು ತಿಳಿದಿದ್ದೆ.